ತುರಾಯಿಯ ಕಾಲು

ನನ್ನ ಗಂಡ ಫಕೀರಪ್ಪ ಬುತ್ತಿ ಕಟ್ಟಿಸಿಕೊಂಡು, ಚಪ್ಪಲಿ ಮೆಟ್ಟಿ, ಇನ್ನೇನು ಕೆಲಸಕ್ಕೆ ಹೊರಡಬೇಕು ಎನ್ನುವಾಗ ತುರಾಯಿ ಕಾಲು ಮುರಿದುಕೊಂಡಿತು. ತುರಾಯಿ ನಮ್ಮ ಮನೆಯ ಹುಂಜ. ಬೆಳಗಾದರೆ ಅಂಗಳದ ಹೊರಸಿನ ಮಂಚದ ಮೇಲೆ ಹಾರಿ ನಿಂತು ಒಂದು ಸಲ ಕೂಗಿ, ಆಮೇಲೆ ಇಳಿದು ಹೊಸ್ತಿಲು ದಾಟುವುದು ಅದರ ರೂಢಿ. ಅವತ್ತೂ ಕೂಗಿತು. ಇಳಿಯಲು ಹೋದಾಗ ಹೊರಸಿನ ಹಗ್ಗದ ಸಂದಿಯಲ್ಲಿ ಎಡಗಾಲು ಸಿಕ್ಕಿಕೊಂಡು ತಲೆಕೆಳಗಾಗಿ ತೂಗಾಡಿತು. ನಾನು ಓಡಿ ಹೋಗಿ ಬಿಡಿಸುವಷ್ಟರಲ್ಲಿ ಒಣ ಕಡ್ಡಿ ಮುರಿದಂತೆ ಸಣ್ಣ ಸದ್ದಾಯಿತು. ಕೈಯಲ್ಲಿ ಎತ್ತಿಕೊಂಡರೆ ಅದರ ಪಾದ ತನಗೆ ಸಂಬಂಧವಿಲ್ಲದ ವಸ್ತುವಿನ ಹಾಗೆ ಜೋತಾಡುತ್ತಿತ್ತು.

ಫಕೀರಪ್ಪ ಬುತ್ತಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತರು. ಬಾಗಿಲಾಚೆ ಅವತ್ತು ಬಿದಿರು ಬುಟ್ಟಿ ಹೆಣೆಯುವವರ ಓಣಿ ಇತ್ತು. ಹಿಂದಿನ ದಿನ ಅಲ್ಲಿ ಗಾಣದವರ ಹಿತ್ತಲಿತ್ತು. ಅದರ ಹಿಂದಿನ ದಿನ ಏನಿತ್ತೋ ನೆನಪಿಲ್ಲ, ನೆನಪಿಟ್ಟುಕೊಂಡು ಮಾಡುವುದೂ ಏನಿಲ್ಲ. ನಮ್ಮೂರಿನ ಓಣಿಗಳು ಬೆಳಗಾಗುವುದರೊಳಗೆ ಜಾಗ ಬದಲಿಸಿರುತ್ತವೆ. ಮನೆಯೊಳಗೆ ಒಲೆ ಒಲೆಯ ಜಾಗದಲ್ಲಿ, ನೀರಿನ ಹಂಡೆ ಹಂಡೆಯ ಜಾಗದಲ್ಲಿ ಇರುತ್ತವೆ. ಎದುರಿಗೆ ಯಾರ ಮನೆ ಬಂದಿದೆ ಎನ್ನುವುದು ಮಾತ್ರ ಬಾಗಿಲು ತೆಗೆದಾಗಲೇ ತಿಳಿಯುವುದು. ದಾರಿ ಗೊತ್ತಿರುವುದು ಹುಂಜಗಳಿಗೆ. ಹೊಸ್ತಿಲಲ್ಲಿ ನಿಂತು ಎಲ್ಲಿಗೆ ಎಂದು ಹೇಳಿದರೆ ಮುಂದೆ ನಡೆಯುತ್ತವೆ, ನಾವು ಹಿಂದೆ ಹೋಗುತ್ತೇವೆ. ಒಮ್ಮೆ ನಡೆದು ಹೋದ ಜಾಗವನ್ನು ಅವು ಮರೆಯುವುದಿಲ್ಲ. ಎತ್ತಿಕೊಂಡು ಹೋದರೆ ಅವಕ್ಕೂ ದಾರಿ ತಿಳಿಯದು, ಪಾದಕ್ಕೆ ನೆಲ ತಾಗಬೇಕು. ಸಂಜೆಯಾದ ಮೇಲಂತೂ ಯಾವ ಹುಂಜವೂ ತನ್ನ ಮನೆಗೇ ಹೋಗುತ್ತದೆ, ಬಡಿದರೂ ಬೇರೆ ಕಡೆ ಮುಖ ಮಾಡುವುದಿಲ್ಲ.

ಹೀಗಾಗಿ ನೆರೆಮನೆ ಎನ್ನುವುದು ನಮ್ಮಲ್ಲಿ ಆ ದಿನದ ಮಾತು. ಎದುರು ಮನೆಯವರಿಂದ ಒಂದು ಹಿಡಿ ಕೊತ್ತಂಬರಿ ಇಸಿದುಕೊಂಡರೆ ಸಂಜೆಯೊಳಗೆ ತಿರುಗಿ ಕೊಡಬೇಕು, ಇಲ್ಲವಾದರೆ ಋಣ ಉಳಿಯುತ್ತದೆ. ಹೆಣ್ಣು ಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ತವರಿನ ದಾರಿ ಗೊತ್ತಿರಲಿ ಎಂದು ಒಂದು ಹುಂಜದ ಪಿಳ್ಳೆಯನ್ನೂ ನಡೆಸಿಕೊಂಡು ಕಳಿಸುತ್ತಾರೆ. ಒಂದು ಮನೆಯಲ್ಲಿ ಎರಡು ಹುಂಜ ಬಾಳುವುದಿಲ್ಲವಾದ್ದರಿಂದ ಆ ಪಿಳ್ಳೆ ಬಹಳ ದಿನ ಉಳಿಯುವುದಿಲ್ಲ, ಆ ಮಾತು ಬೇರೆ.

ಅತ್ತೆ ಸಾಂತವ್ವನಿಗೆ ಕಣ್ಣು ಮಂಜಾಗಿದ್ದರೂ ಮುರಿದದ್ದು ಎಲ್ಲಿ ಎಂದು ಬೆರಳಿನಲ್ಲೇ ಕಂಡುಹಿಡಿದಳು. ಉದ್ದಿನ ಹಿಟ್ಟಿಗೆ ತತ್ತಿಯ ಬಿಳಿ ಕಲಸಿ ಪಟ್ಟು ಹಾಕಬೇಕೆಂದು ಅವಳು, ಅರಿಶಿನ ಮತ್ತು ಸುಣ್ಣ ಸಾಕೆಂದು ನಾನು. ಕೊನೆಗೆ ಅವಳ ಮಾತೇ ನಡೆಯಿತು. ಕಸಬರಿಗೆಯ ಕಡ್ಡಿಗಳನ್ನು ಸಮನಾಗಿ ಕತ್ತರಿಸಿ ಎರಡೂ ಕಡೆಗೆ ಇಟ್ಟು, ಹಳೆಯ ಧೋತರದ ಪಟ್ಟಿ ಸುತ್ತಿ ಕಟ್ಟಿದೆವು. ನನ್ನ ಗಂಡ ತುರಾಯಿಯ ರೆಕ್ಕೆ ಒತ್ತಿ ಹಿಡಿದಿದ್ದರು. ಬಣ್ಣದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಅವರದು, ಮೊಣಕೈಯವರೆಗೂ ನೀಲಿ. ಆ ನೀಲಿ ಕೈಗಳ ನಡುವೆ ಹುಂಜದ ಕಣ್ಣು ಮುಚ್ಚಿ ತೆರೆಯುತ್ತಿತ್ತು. ನಾನು ಗಟ್ಟಿ ಹಿಡಿಯಿರಿ ಎನ್ನಲಿಲ್ಲ, ಅವರು ಮೆಲ್ಲಗೆ ಕಟ್ಟು ಎನ್ನಲಿಲ್ಲ. ನಮ್ಮಿಬ್ಬರ ಮಾತನ್ನೂ ಅತ್ತೆಯೇ ಆಡುತ್ತಿದ್ದಳು. ಮದುವೆಯಾದಾಗಿನಿಂದ ಅದೇ ರೂಢಿ. ಅವರಿಗೆ ಉಪ್ಪು ಬೇಕಾದರೆ ಅತ್ತೆ ಕೇಳುವಳು, ನನಗೆ ಎಣ್ಣೆ ತೀರಿದರೆ ಅತ್ತೆ ಹೇಳುವಳು.

ಮೊದಲ ಕೆಲವು ದಿನ ಅವರು ಮನೆಯಲ್ಲೇ ಉಳಿದರು. ಅಂಗಳದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿದರು. ತೊಟ್ಟಿಯಲ್ಲಿ ಹುದುಗಲು ಬಿಟ್ಟ ನೀಲಿಯನ್ನು ದಿನವೂ ಕಲಕದಿದ್ದರೆ ಕೆಟ್ಟುಹೋಗುತ್ತದೆ ಎಂಬ ಚಿಂತೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ದಾನವ್ವನ ಮನೆ ಬಂದಿತ್ತು. ದಾನವ್ವ ಅವಲಕ್ಕಿ ಕುಟ್ಟಿ ಮಾರುವವಳು, ದೊಡ್ಡ ಮೈಯವಳು. ಅವಳ ಗಂಡ ಬದುಕಿದ್ದಾಗ ಬಣ್ಣದ ಮನೆಯಲ್ಲೇ ದುಡಿಯುತ್ತಿದ್ದ, ಹಾಗಾಗಿ ಅವಳ ಹುಂಜಕ್ಕೆ ಆ ದಾರಿ ಗೊತ್ತಿತ್ತು. ಅತ್ತೆ ಹೊಸ್ತಿಲಿನಿಂದಲೇ ಕೂಗಿ ಸಂಕಟ ಹೇಳಿಕೊಂಡಳು. ದಾನವ್ವ ಆ ಕರಿ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಓಣಿ ದಾಟಿ ಬಂದಳು.

"ನಾವರೆ ಎಲ್ಲಿ ಹೋಗೋದೈತಿ, ಅವಲಕ್ಕಿ ಕುಟಗೋತ ಮನ್ಯಾಗ ಕುಂತಿರ್ತೀವಿ. ಕರಿಯನ್ನ ಕರ್ಕೊಂಡು ಹೋಗ್ರಿ. ನಿಮ್ಮದರ ಕಾಲು ಕೂಡೂತನಕ ಇರಲಿ" ಎಂದಳು.

ಅವತ್ತು ತೊಂದರೆಯಾಗಲಿಲ್ಲ. ಸಂಜೆ ಕರಿಯ ತನ್ನ ಮನೆಗೆ ಹೋಯಿತು, ಫಕೀರಪ್ಪ ಓಣಿ ದಾಟಿ ನಮ್ಮ ಮನೆಗೆ ಬಂದರು. ಬೆಳಗಿಗೆ ಬೇಕೆಂದು ಕರಿಯನನ್ನು ಬುಟ್ಟಿಯಲ್ಲಿ ಎತ್ತಿಕೊಂಡೇ ಬಂದಿದ್ದರು. ಮರುದಿನ ದಾನವ್ವನ ಮನೆ ಎದುರಿಗಿರಲಿಲ್ಲ. ಸಂಜೆ ದಾರಿ ಹೇಗೆ ಎಂದು ನಾನು ಕೇಳಬೇಕಿತ್ತು. ಅತ್ತೆ ಕೇಳುತ್ತಾಳೆ ಎಂದುಕೊಂಡೆ. ಅತ್ತೆ ಅವತ್ತು ಹಲ್ಲು ನೋವಿನಿಂದ ಕೆನ್ನೆ ಹಿಡಿದುಕೊಂಡು ಮಲಗಿದ್ದಳು. ಅವರು ಬುತ್ತಿ ತೆಗೆದುಕೊಂಡು ಕರಿಯನ ಹಿಂದೆ ಹೋದರು. ಸಂಜೆ ಬರಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಓಣಿಯಲ್ಲಿ ಹಾದುಹೋದ ಬಳೆಗಾರನೊಬ್ಬ ನಿಮ್ಮ ಮನೆಯವರು ದಾನವ್ವನ ಮನೆಯಲ್ಲಿದ್ದಾರೆ, ಉಂಡು ಪಡಸಾಲೆಯಲ್ಲಿ ಮಲಗಿದ್ದರು ಎಂದು ಹೇಳಿ ಹೋದ. ಮನಸ್ಸು ನಿರಾಳವಾಯಿತು. ದಾರಿ ತಪ್ಪಿದವರಿಗೆ ಊಟ ಹಾಕುವುದು, ಹಾಸಲು ಕೊಡುವುದು ನಮ್ಮೂರಲ್ಲಿ ಎಲ್ಲರೂ ಮಾಡುವ ಕೆಲಸ. ಯಾಕೆ ತಪ್ಪಿತು, ಹೇಗೆ ತಪ್ಪಿತು ಎಂದು ಯಾರೂ ಕೇಳುವುದಿಲ್ಲ. ನಾಳೆ ನಾವೂ ತಪ್ಪಿಸಿಕೊಳ್ಳುವವರೇ. ನಮ್ಮ ಮನೆಯ ದಾರಿ ಗೊತ್ತಿರುವ ಬೇರೆ ಹುಂಜ ಸಿಕ್ಕಿದರೆ ಅದರ ಹಿಂದೆ ಬಂದಾರು ಎಂದು ಅತ್ತೆ ಅಂದಳು. ಆಗ ನಾವಿಬ್ಬರೂ ಕೂತು ಯಾರ ಯಾರ ಹುಂಜಗಳು ನಮ್ಮ ಮನೆಗೆ ಬಂದಿವೆ ಎಂದು ನೆನಪಿಸಿಕೊಂಡೆವು. ಒಂದೂ ನೆನಪಾಗಲಿಲ್ಲ. ನಮ್ಮ ಮನೆಗೆ ಯಾರೂ ಅಷ್ಟಾಗಿ ಬರುತ್ತಿರಲಿಲ್ಲ.

ನಾನು ತುರಾಯಿಯ ಆರೈಕೆಗೆ ಬಿದ್ದೆ. ಬೇಗ ಕಾಲು ಕೂಡಿದರೆ ಎಲ್ಲವೂ ಸರಿಯಾಗುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು. ಅದು ನೆಲಕ್ಕೆ ಕಾಲೂರಬಾರದೆಂದು ಹಳೆಯ ಸೀರೆಯ ತುಂಡಿಗೆ ಎರಡು ತೂತು ಮಾಡಿ, ಕಾಲುಗಳನ್ನು ಅದರಲ್ಲಿ ಇಳಿಬಿಟ್ಟು, ಜಂತಿಗೆ ತೊಟ್ಟಿಲ ಹಾಗೆ ಕಟ್ಟಿದೆ. ಮೊದಲು ಬಹಳ ಒದ್ದಾಡಿತು. ಕಟ್ಟನ್ನು ಕುಕ್ಕಿ ಕುಕ್ಕಿ ಧೋತರದ ನೂಲು ಎಳೆಯುತ್ತಿತ್ತು. ಕೊಕ್ಕಿಗೆ ಕಹಿಯಾಗಲೆಂದು ಬೇವಿನೆಣ್ಣೆ ಸವರಿದೆ. ನೆನೆಸಿದ ಜೋಳ, ಹೆಚ್ಚಿದ ಉಳ್ಳಾಗಡ್ಡಿ, ನುಗ್ಗೆ ಸೊಪ್ಪು ಹಾಕಿದರೆ ಒಲ್ಲೆನೆಂದು ಮುಖ ತಿರುಗಿಸುತ್ತಿತ್ತು. ಅಂಗೈಯಲ್ಲಿ ಇಟ್ಟುಕೊಂಡು ಹಿಡಿದರೆ ಮಾತ್ರ ತಿನ್ನುತ್ತಿತ್ತು. ಕೂಗುವುದನ್ನು ಬಿಟ್ಟೇಬಿಟ್ಟಿತು. ಹಿಕ್ಕೆ ಬಳಿದು, ಒದ್ದೆ ಬಟ್ಟೆಯಲ್ಲಿ ಪುಕ್ಕ ಒರೆಸಿ, ಊತ ಇಳಿದಿದೆಯೋ ಎಂದು ಪಾದದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುವೆ. ಬೆರಳು ಬೆಚ್ಚಗಿದ್ದರೆ ಸಮಾಧಾನ. ಹಾಗೆ ಮುಟ್ಟುವಾಗ ಅದರ ಜೊತೆ ಮಾತಾಡತೊಡಗಿದೆ. ಹಲ್ಲು ನೋವಿನ ಅತ್ತೆ ಸುಮ್ಮನೆ ಮಲಗಿರುತ್ತಿದ್ದರಿಂದ ಮನೆಯಲ್ಲಿ ನನ್ನ ಸ್ವರವನ್ನು ನಾನೇ ಮೊದಲ ಸಲ ಕೇಳಿಸಿಕೊಂಡಂತೆ ಆಯಿತು.

ದಿನ ಕಳೆದಂತೆ ಹಾದುಹೋಗುವವರ ಸುದ್ದಿಯೂ ಬದಲಾಯಿತು. ಮೊದಲು ಅವರು ಕ್ಷೇಮವಾಗಿದ್ದಾರೆ ಎನ್ನುತ್ತಿದ್ದರು. ಆಮೇಲೆ ದಾನವ್ವನ ಮನೆಯ ಹೆಂಚು ಸರಿಮಾಡುತ್ತಿದ್ದರು ಎಂದರು. ಒಬ್ಬ ಹೆಂಗಸು, ನಿಮ್ಮವರು ಅಲ್ಲಿ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಎಂದಳು. ನಾನು ಅವರು ನಕ್ಕದ್ದನ್ನು ನೋಡಿರಲಿಲ್ಲ. ನಗು ಹೇಗಿರಬಹುದು, ಹಲ್ಲು ಕಾಣುತ್ತದೋ ಇಲ್ಲವೋ ಎಂದು ಜೋಳ ಆರಿಸುತ್ತಾ ಯೋಚಿಸಿದೆ. ಅತ್ತೆಗೆ ಹೇಳಿದರೆ, ಅಂವ ಬ್ಯಾರೆ ಯಾವನೋ ಫಕೀರಪ್ಪ ಇರಬೇಕು ಎಂದುಬಿಟ್ಟಳು.

ಆಗ ನನಗೊಂದು ಮಾತು ಹೊಳೆಯಿತು. ಕರಿಯ ಒಂದು ಬೆಳಿಗ್ಗೆ ನಮ್ಮ ಹೊಸ್ತಿಲಿನಿಂದಲೇ ನಡೆದು ಹೊರಟಿತ್ತು. ಅದರ ಪಾದ ನಮ್ಮ ನೆಲಕ್ಕೆ ತಾಗಿತ್ತು. ಅಷ್ಟು ಸಾಕಾಗುತ್ತದೆಯೋ ಇಲ್ಲವೋ ತಿಳಿಯದು. ಸಾಕಾಗುವುದಾದರೆ, ಹಗಲಲ್ಲಿ ಅದಕ್ಕೆ ನಮ್ಮ ಮನೆ ಎಂದು ಹೇಳಿ ಅವರು ಬರಬಹುದಿತ್ತು. ಆದರೆ ಹಗಲೆಲ್ಲ ಕೆಲಸ. ಕೆಲಸವಿಲ್ಲದ ದಿನವೂ ಇರುತ್ತದೆ. ಆ ದಿನ ಹೆಂಚು ಸರಿಮಾಡಿದರೋ ಏನೋ. ಸಿಟ್ಟು ಬರಬೇಕು ಅನಿಸುತ್ತಿತ್ತು. ಆದರೆ ದಾರಿ ತಪ್ಪಿದವರ ಮೇಲೆ ಸಿಟ್ಟಾಗುವುದು ಹೇಗೆಂದು ಯಾರೂ ನನಗೆ ಕಲಿಸಿರಲಿಲ್ಲ. ಅವರು ಕಳೆದುಹೋಗಿದ್ದಾರೋ ಬಿಟ್ಟುಹೋಗಿದ್ದಾರೋ ತಿಳಿಯದೆ ಕೈಯಲ್ಲಿದ್ದ ಕೆಲಸ ಎಲ್ಲೋ, ಮನಸ್ಸು ಎಲ್ಲೋ. ಒಮ್ಮೆ ತುರಾಯಿಗೆ ಕಲಸಿದ ಉದ್ದಿನ ಪಟ್ಟನ್ನು ಅತ್ತೆಯ ಕೆನ್ನೆಗೆ ಹಚ್ಚಿದೆ. ಅವಳಿಗೆ ಹಲ್ಲು ನೋವು ಕಡಿಮೆಯಾಯಿತು.

ಅದರ ಮರುದಿನವೋ ಏನೋ, ಬಾಗಿಲು ತೆಗೆದಾಗ ಎದುರಿಗೆ ದಾನವ್ವನ ಮನೆ ಮತ್ತೆ ಬಂದಿತ್ತು.

ಅವರ ಬಾಗಿಲೂ ತೆರೆದಿತ್ತು. ಒಳಗೆ ಒರಳಿನ ಸುತ್ತ ದಾನವ್ವ, ಅವಳ ಕಿವುಡಿ ತಾಯಿ, ಮತ್ತು ನನ್ನ ಗಂಡ. ಒನಕೆ ಅವರ ಕೈಯಲ್ಲಿತ್ತು. ನೀಲಿ ಕೈಗಳ ಮೇಲೆಲ್ಲ ಅವಲಕ್ಕಿಯ ಬಿಳಿ ಹೊಟ್ಟು. ದಾನವ್ವ ಏನೋ ಹೇಳಿದಳು, ತಾಯಿಗೆ ಕೇಳಿಸಲಿಲ್ಲವೆಂದು ಅವರು ಅದನ್ನೇ ಕೂಗಿ ಹೇಳಿದರು. ನನ್ನ ಗಂಡ ಕೂಗುತ್ತಿದ್ದರು. ಆಮೇಲೆ ತಲೆ ಎತ್ತಿದಾಗ ನನ್ನನ್ನು ಕಂಡರು. ಒನಕೆ ಅಲ್ಲೇ ನಿಂತಿತು. ನಡುವೆ ಇದ್ದದ್ದು ಒಂದು ಎತ್ತಿನ ಗಾಡಿ ಹಾಯುವಷ್ಟು ಅಗಲದ ಓಣಿ. ಅದನ್ನು ದಾಟಲು ಯಾವ ಹುಂಜವೂ ಬೇಡ. ಅವರು ಕೈ ಎತ್ತಿದರು. ನಾನೂ ಎತ್ತಿದೆ. ಈಗ ಬರುತ್ತಾರೆ ಎಂದು ಸೆರಗು ಸರಿಮಾಡಿಕೊಂಡು ನಿಂತೆ. ಅವರು ಒನಕೆ ಹಿಡಿದುಕೊಂಡೇ ನಿಂತಿದ್ದರು. ಹೀಗೆ ಎಷ್ಟು ಹೊತ್ತು ನಿಂತಿದ್ದೆವೋ. ಒಳಗಿನಿಂದ ಅತ್ತೆ, ಎದುರಿಗೆ ಯಾರ ಮನಿ ಬಂದೈತಿ ಎಂದು ಕೇಳಿದಳು. ಯಾರೋ ಅವಲಕ್ಕಿಯವರು ಎಂದೆ. ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿಯದು.

ಅವರು ಕರಿಯನ ಹಿಂದೆ ಕೆಲಸಕ್ಕೆ ಹೋದರು. ಸಂಜೆ ಕರಿಯನ ಹಿಂದೆಯೇ ಬಂದು ಓಣಿಯ ನಡುವೆ ನಿಂತರು. ನಾನು ಒಳಗೆ ತುರಾಯಿಯ ಕಟ್ಟು ಬದಲಾಯಿಸುತ್ತಿದ್ದೆ. ಕಿಟಕಿಯಿಂದ ಅವರ ಚಪ್ಪಲಿ ಕಾಣುತ್ತಿತ್ತು. ಚಪ್ಪಲಿಯ ತುದಿ ನಮ್ಮ ಮನೆಯ ಕಡೆಗೂ ಇರಲಿಲ್ಲ, ಆ ಮನೆಯ ಕಡೆಗೂ ಇರಲಿಲ್ಲ. ನಾನು ಕರೆಯಲಿಲ್ಲ. ಕೈಯಲ್ಲಿ ಅರ್ಧ ಬಿಚ್ಚಿದ ಕಟ್ಟಿತ್ತು, ಅದೇ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ನೋಡಿದಾಗ ಚಪ್ಪಲಿ ಇರಲಿಲ್ಲ. ಬೆಳಗಾದಾಗ ದಾನವ್ವನ ಮನೆಯೂ ಇರಲಿಲ್ಲ, ಎದುರಿಗೆ ಬರೀ ಒಂದು ಬೇಲಿ.

ತುರಾಯಿಯ ಕಾಲು ಕೂಡಿತು. ಆದರೆ ನೆಟ್ಟಗೆ ಕೂಡಲಿಲ್ಲ. ಕಡ್ಡಿ ಬಿಚ್ಚಿ ಅಂಗಳಕ್ಕೆ ಬಿಟ್ಟರೆ ಒಂದು ಹೆಜ್ಜೆ ಇಟ್ಟು, ಎಡಕ್ಕೆ ವಾಲಿ, ಸಾವರಿಸಿಕೊಂಡು ಇನ್ನೊಂದು ಹೆಜ್ಜೆ ಇಡುತ್ತಿತ್ತು. ಗೋಡೆಯ ಕಡೆಗೆ ಹೊರಟರೆ ಒಲೆಯ ಹತ್ತಿರ ಮುಟ್ಟುತ್ತಿತ್ತು. ಇಂಥ ಹುಂಜದ ಹಿಂದೆ ಹೋದರೆ ಎಲ್ಲಿಗೆ ಹೋಗುತ್ತೇವೋ ಎಂದು ನನಗೆ ಭಯ. ಅವರು ತಾವಾಗಿ ಬಂದರೆ ಬರಲಿ ಎಂದು ಅತ್ತೆಗೆ ಹೇಳಿದೆ. ಸಾಂತವ್ವ ನನ್ನ ಮುಖ ಇರುವ ಕಡೆಗೆ ತಿರುಗಿದಳು. ಆಮೇಲೆ ಅಂದಳು:

"ಹೊನ್ನವ್ವಾ, ಇಷ್ಟು ವರ್ಷ ನಿಮ್ಮಿಬ್ಬರ ಮಾತು ನಾ ಆಡೇನಿ. ಇದೊಂದು ಮಾತು ನಾ ಆಡಾಕ ಬರೂದಿಲ್ಲ. ನೀನ ಹೋಗು."

ಮರುದಿನ ಬುತ್ತಿ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು, ಬಣ್ಣದ ಮನೆ ಎಂದೆ. ತುರಾಯಿ ತಲೆ ಓರೆ ಮಾಡಿ ನೋಡಿ ಹೊರಟಿತು. ದಾರಿ ಗೊತ್ತಿದೆ ಎಂಬಂತೆಯೇ ಹೊರಟಿತು. ಆದರೆ ಬಲಕ್ಕೆ ತಿರುಗುವ ಕಡೆ ಅದರ ಕಾಲು ಒಪ್ಪುತ್ತಿರಲಿಲ್ಲ. ಎಡಕ್ಕೆ ಸುತ್ತಿ, ಮತ್ತೆ ಎಡಕ್ಕೆ ಸುತ್ತಿ, ಯಾರದೋ ಹಿತ್ತಲು ಹಾದು, ಬಟ್ಟೆ ಒಗೆಯುವವರ ನಡುವೆ ತೂರಿ, ಬಲಕ್ಕೆ ಇದ್ದದ್ದನ್ನು ಮುಟ್ಟುತ್ತಿತ್ತು. ಎರಡು ಸಲ ಒಂದೇ ಬಾವಿಯ ಕಟ್ಟೆ ಬಂತು. ಅಲ್ಲಿ ನೀರು ಸೇದುತ್ತಿದ್ದವಳು ಎರಡನೆಯ ಸಲ ನನಗೆ ನೀರು ಕೊಟ್ಟಳು, ಏನೂ ಕೇಳಲಿಲ್ಲ. ದಣಿದಾಗ ತುರಾಯಿ ಕೂರುತ್ತಿತ್ತು, ನಾನೂ ಕೂರುತ್ತಿದ್ದೆ, ಅದರ ಕಾಲು ನೀವುತ್ತಿದ್ದೆ. ಬಣ್ಣದ ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು.

ಫಕೀರಪ್ಪ ಬಾಗಿಲಲ್ಲಿ ಕೈ ತೊಳೆಯುತ್ತಿದ್ದರು. ಪಕ್ಕದಲ್ಲಿ ಕರಿಯ ಹೊರಡಲು ಸಿದ್ಧವಾಗಿ ನಿಂತಿತ್ತು. ತುರಾಯಿಯೂ ಮನೆಯ ಕಡೆಗೆ ಮುಖ ಮಾಡಿತು. ಎರಡೂ ಹುಂಜಗಳು ಎರಡು ದಿಕ್ಕಿಗೆ ನಿಂತಿದ್ದವು. ಅವರು ಮೊದಲು ತುರಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಮುರಿದಿದ್ದ ಜಾಗವನ್ನು ಬೆರಳಿನಿಂದ ನೋಡಿದರು. ಬುತ್ತಿ ಕೈಗೆ ಕೊಟ್ಟೆ. ಇಸಿದುಕೊಂಡರು. ಕರಿಯ ಆಗಲೇ ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ನೋಡುತ್ತಿತ್ತು. ಅವರು ಎದ್ದು ನಿಂತರು. ಅತ್ತ ನೋಡಿದರು, ಇತ್ತ ನೋಡಿದರು. ಇದನ್ನ ಅವರ ಮನಿಗೆ ಮುಟ್ಟಿಸಬೇಕು ಎಂದರು. ಅದು ನ್ಯಾಯವಾದ ಮಾತೇ. ಇಸಿದುಕೊಂಡ ಹುಂಜವನ್ನು ಒಂಟಿಯಾಗಿ ಬಿಡಲಾಗುವುದಿಲ್ಲ. ಆದರೆ ಅದು ಬರುವವರ ಮಾತೋ ಹೋಗುವವರ ಮಾತೋ ನನಗೆ ಗೊತ್ತಾಗಲಿಲ್ಲ. ಸುತ್ತ ಹತ್ತಾರು ಜನ ಕೆಲಸ ಮುಗಿಸಿ ತಮ್ಮ ತಮ್ಮ ಹುಂಜಗಳ ಹಿಂದೆ ಹೊರಟಿದ್ದರು. ಅತ್ತೆ ಅಲ್ಲಿರಲಿಲ್ಲ. ನಾನು ತುರಾಯಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡೆ.

"ನಾನೂ ಬರ್ತೀನಿ ನಡೀರಿ" ಎಂದೆ.

ದಾನವ್ವನಿಗೆ ನಮ್ಮನ್ನು ಕಂಡು ಸಂತೋಷವೇ ಆಯಿತು, ಅದರಲ್ಲಿ ಕಪಟವೇನೂ ನನಗೆ ಕಾಣಲಿಲ್ಲ. ಕಪಟ ಕಂಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಒಗ್ಗರಣೆ ಅವಲಕ್ಕಿ ಕೊಟ್ಟಳು. ಕಿವುಡಿ ತಾಯಿ, ಇವಳ್ಯಾರು ಎಂದಳು. ಫಕೀರಪ್ಪನ ಹೆಂಡತಿ ಎಂದು ದಾನವ್ವ ಕೂಗಿದಳು. ಫಕೀರಪ್ಪನ ಹಂಡೆಯೇ ಎಂದಳು ಮುದುಕಿ. ಎಲ್ಲರೂ ಕೂಗಿ ಕೂಗಿ ತಿದ್ದಿದರು. ಹಂಡೆ ಎಂದ ಮೇಲೆ ನೀರು ತುಂಬಿಸಿ ಕೊಡಿ ಎಂದಳು ಮುದುಕಿ. ನನಗೆ ನಗು ಬಂದುಬಿಟ್ಟಿತು, ಬಾಯಲ್ಲಿದ್ದ ಅವಲಕ್ಕಿ ಉದುರುವಷ್ಟು. ಪಕ್ಕದಲ್ಲಿ ಅವರೂ ನಗುತ್ತಿದ್ದರು. ಹಲ್ಲು ಕಾಣುತ್ತಿದ್ದವು. ಆ ಮನೆಯಲ್ಲಿ ಯಾವ ಮಾತೂ ಒಳಗೇ ಉಳಿಯುವ ಹಾಗಿರಲಿಲ್ಲ, ಪ್ರತಿಯೊಂದನ್ನೂ ಎರಡೆರಡು ಸಲ ಗಟ್ಟಿಯಾಗಿ ಹೇಳಲೇಬೇಕಿತ್ತು. ಏಳಬೇಕೆಂದು ನನಗೂ ಅನಿಸಲಿಲ್ಲ. ಅತ್ತೆ ಒಬ್ಬಳೇ ಇದ್ದಾಳೆ ಎಂದು ನೆನಪಾಗದಿದ್ದರೆ ಏಳುತ್ತಿದ್ದೆನೋ ಇಲ್ಲವೋ. ಹೊರಟಾಗ ಅವರು ಚಪ್ಪಲಿ ಮೆಟ್ಟಿ ನನಗಿಂತ ಮುಂಚೆ ಅಂಗಳದಲ್ಲಿ ನಿಂತಿದ್ದರು.

ತುರಾಯಿಯನ್ನು ನೆಲಕ್ಕೆ ಬಿಟ್ಟು ಮನೆ ಎಂದೆವು. ಸಂಜೆಯ ಬೆಳಕು ಇನ್ನೂ ಇತ್ತು. ಸ್ವಲ್ಪ ದೂರ ನಡೆದು, ಎರಡು ಓಣಿ ಕೂಡುವಲ್ಲಿ ತುರಾಯಿ ದಣಿದು ಕೂತಿತು. ನಾವೂ ಯಾರದೋ ಕಟ್ಟೆಯ ಮೇಲೆ ಕೂತೆವು. ಕೇಳಬಾರದ್ದು ಎಂದು ಗೊತ್ತಿದ್ದೇ ಕೇಳಿದೆ.

"ದಾರಿ ತಪ್ಪಿತ್ತೇನು, ತಪ್ಪಿಸಿಕೊಂಡ್ರೇನು?"

ಅವರು ನೀಲಿ ಉಗುರುಗಳನ್ನು ಒಂದೊಂದಾಗಿ ಉಜ್ಜಿಕೊಂಡರು. ಮೊದಲ ದಿನ ತಪ್ಪಿದ್ದು ಖರೆ ಎಂದರು. ಆಮೇಲಿನದು ತಮಗೂ ಗೊತ್ತಾಗಲಿಲ್ಲವಂತೆ. ದಿನವೂ ಬೆಳಿಗ್ಗೆ, ಇವತ್ತು ಹೋಗಬೇಕು ಎನಿಸುತ್ತಿತ್ತಂತೆ, ಸಂಜೆ ಕರಿಯನ ಹಿಂದೆ ಕಾಲು ತಾನೇ ಹೋಗುತ್ತಿತ್ತಂತೆ.

"ಬಾಗಲಾ ಎದುರಾಬದುರಾ ಬಂದ ದಿನ ನೀ ಕರೀತಿ ಅಂತ ನಿಂತಿದ್ದೆ" ಎಂದರು.

"ನೀವು ಬರ್ತೀರಿ ಅಂತ ನಾ ನಿಂತಿದ್ದೆ" ಎಂದೆ.

ಅವರ ಮಾತು ಕೇಳಿ ನನಗೆ ಸಮಾಧಾನವಾಯಿತೋ ಇನ್ನಷ್ಟು ಗೊಂದಲವಾಯಿತೋ ಹೇಳಲಾರೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು, ಅಲ್ಲಿ ಏನಾದರೂ ಗೊತ್ತಾದೀತೇ ಎಂದು. ತುರಾಯಿ ಎದ್ದಿತು. ಬಲಗಡೆಯ ಓಣಿಯನ್ನು ನೋಡಿ ಎಡಗಡೆಯದಕ್ಕೆ ನಡೆಯಿತು. ಮನೆ ಬಲಕ್ಕಿದೆ, ಕಾಲಿಗಾಗಿ ಅದು ಹಾಗೆ ಹೋಗುತ್ತಿದೆ, ಎತ್ತಿ ಬಲಕ್ಕೆ ತಿರುಗಿಸೋಣ ಎಂದು ಅವರು. ಬೇಡ, ಅದರ ದಾರಿ ಅದಕ್ಕೆ ಗೊತ್ತು, ಸುತ್ತಿದರೂ ಮುಟ್ಟಿಸುತ್ತದೆ ಎಂದು ನಾನು. ಸ್ವಲ್ಪ ಹೊತ್ತು ಅಲ್ಲೇ ನಿಂತು ವಾದಿಸಿದೆವು, ಕಟ್ಟೆಯ ಮನೆಯವರು ಇಣುಕಿ ನೋಡುವಷ್ಟು ಗಟ್ಟಿಯಾಗಿ. ಅಷ್ಟರಲ್ಲಿ ತುರಾಯಿ ಮೂಲೆ ತಿರುಗಿ ಕಣ್ಮರೆಯಾಗುವುದರಲ್ಲಿತ್ತು. ಇಬ್ಬರೂ ಮಾತು ಬಿಟ್ಟು ಓಡಿದೆವು. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅತ್ತೆ ಬಾಗಿಲಲ್ಲೇ ಕೂತಿದ್ದಳು. ಎಷ್ಟು ಜನರ ಹೆಜ್ಜೆ ಎಂದು ಕಿವಿಗೊಟ್ಟು ಕೇಳಿ, ಒಳಗೆ ಹೋಗಿ ಒಲೆ ಹಚ್ಚಿದಳು.

ಈಗ ಅವರು ದಿನವೂ ತುರಾಯಿಯ ಹಿಂದೆಯೇ ಕೆಲಸಕ್ಕೆ ಹೋಗುತ್ತಾರೆ. ನಡೆದು ನಡೆದು ಅದರ ಕಾಲಿಗೆ ಸ್ವಲ್ಪ ಬಲ ಬಂದಿದೆ, ಆದರೂ ಬೇಗ ಹೊರಡಬೇಕು, ಬರುವಾಗ ತಡವಾಗುತ್ತದೆ. ಕೆಲವು ಸಂಜೆ ಬಹಳ ತಡವಾಗುತ್ತದೆ. ಕುಂಟು ಹುಂಜ ಎಂದರೆ ಆಯಿತು, ಊರಲ್ಲಿ ಬೇರೆ ಯಾರೂ ಮುಂದೆ ಕೇಳುವುದಿಲ್ಲ. ನಾನು ಮಾತ್ರ, ರೊಟ್ಟಿ ಬಡಿಯುತ್ತಾ, ಇವತ್ತು ಯಾವ ಯಾವ ಓಣಿ ಹಾದು ಬಂದಿರಿ ಎನ್ನುತ್ತೇನೆ. ಬೆಳಗಾದರೆ ಆ ಓಣಿಗಳು ಅಲ್ಲಿರುವುದಿಲ್ಲ, ತಿಳಿದುಕೊಂಡು ಆಗಬೇಕಾದ್ದೂ ಏನಿಲ್ಲ. ಅವರು ಒಲೆಯ ಹತ್ತಿರ ಕೂತು, ಮೊದಲು ಮಡಿಕೆ ಮಾಡುವವರದು, ಆಮೇಲೆ ಒಂದು ಹುಣಸೆಮರ, ಅಲ್ಲಿ ಎಡಕ್ಕೆ ಎಂದು ಒಂದೊಂದಾಗಿ ಹೇಳುತ್ತಾರೆ. ಹೇಳಿ ಮುಗಿಯುವಷ್ಟರಲ್ಲಿ ರೊಟ್ಟಿ ಆಗಿರುತ್ತವೆ.